ಬೆಂಡು

ಸಲ್ಮಾಬಾದಿನ ಗಲ್ಲಿಯಲ್ಲಿ ಮಧ್ಯಾಹ್ನ ಎರಡು.
ಅರ್ಧ ಇಳಿಸಿದ್ದ ಷಟರಿನ ಕೆಳಗಿಂದ
ಮೊದಲು ಒಳಬಂದದ್ದು ಪೆಟ್ರೋಲಿನ ವಾಸನೆ,
ಆಮೇಲೆ ಬೈಕು,
ಕೊನೆಗೆ ಬಿಳಿ ನಿಲುವಂಗಿಯ ಅಂಚು ಎತ್ತಿ ಹಿಡಿದ ಬೂ ಹಮದ್.
ಸೋರುತ್ತದೆ, ಎಂದ.
ಮೂರು ಅಂಗಡಿ ಸುತ್ತಿ ಬಂದಿದ್ದಾನೆ. ಮೂವರದ್ದೂ ಒಂದೇ ಮಾತು:
ಕಿತ್ತು ಬಿಸಾಡು, ಚೀನಾದ ಹೊಸ ಕಾರ್ಬೊರೇಟರ್ ಹಾಕಿಸು.

ಬಿಎಸ್‌ಎ. ಎಣ್ಣೆ ಕಂಪನಿಯ ಬಿಳಿಯನೊಬ್ಬ ಊರಿಗೆ ಹೊರಡುವಾಗ ಮಾರಿದ್ದು.
ಕೊಂಡವನು ಇವನಪ್ಪ,
ಮುತ್ತಿನ ದೋಣಿಗೆ ಹೋಗುವುದನ್ನು ಬಿಟ್ಟ ವರ್ಷ.
ಟ್ಯಾಂಕಿನ ಹಸಿರು ಎದ್ದಲ್ಲೆಲ್ಲ ಇನ್ನೊಂದು ಹಸಿರು ಕಾಣುತ್ತದೆ.

ಸೋರುವ ವಸ್ತುವನ್ನು ನಂಬಬಾರದು.
ಹನಿ ಬೀಳುವುದು ಒಂದು ಕಡೆ, ಹೊರಡುವುದು ಇನ್ನೆಲ್ಲೋ.
ಒರೆಸಿದೆ. ಸೀಮೆಸುಣ್ಣ ಪುಡಿ ಮಾಡಿ ಸುತ್ತ ಬಳಿದೆ.
ಶಫಿಕುಲ್ ಚಹಾ ತರುವಷ್ಟರಲ್ಲಿ
ಬಟ್ಟಲಿನ ಮುಚ್ಚಳದ ಸುತ್ತ ಸುಣ್ಣ ಒದ್ದೆ.
ವಾಷರು ಸರಿಯಿತ್ತು, ಸೂಜಿಯ ಮೊನೆಯೂ ಸರಿ.
ಒಳಗಿನ ಹಿತ್ತಾಳೆ ಡಬ್ಬಿಯನ್ನು ತೆಗೆದು
ಕಿವಿಗೆ ಹಿಡಿದು ಅಲ್ಲಾಡಿಸಿದೆ:
ಗುಳುಕ್.
ತೇಲಬೇಕಾದ್ದೇ ಕುಡಿದು ಕೂತಿತ್ತು.

ನಮ್ಮ ಗಂಗೊಳ್ಳಿಯಲ್ಲಿ ಇದು ಬೆಂಡು.
ಬಲೆಯ ಮೇಲಂಚಿಗೆ ಕಟ್ಟುವಂಥದ್ದು.
ಬೆಂಡು ನೀರು ಕುಡಿದರೆ ಬಲೆ ಮಲಗುತ್ತದೆ,
ಬಂಗುಡೆ ಅದರ ಮೇಲಿಂದಲೇ ದಿಬ್ಬಣ ಹೋಗುತ್ತದೆ,
ಎನ್ನುತ್ತಿದ್ದ ನನ್ನ ಚಿಕ್ಕಪ್ಪ ಸುಬ್ರಾಯ ಖಾರ್ವಿ,
ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತ.
ಬೂ ಹಮದನಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳುವುದು?
ಅರ್ಧ ಹಿಂದಿ, ಕಾಲು ಅರಬಿ, ಉಳಿದದ್ದು ಕೈ.

ಜುಲೈಯಲ್ಲಿ ಇಲ್ಲಿ ನೀರು ಕಾಯಿಸುವ ಕೆಲಸವಿಲ್ಲ.
ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ;
ಮಾಳಿಗೆಯ ಟ್ಯಾಂಕು ಬೆಳಗಿನಿಂದ ಒಲೆಯ ಮೇಲಿದೆ.
(ತಣ್ಣಗೆ ಮೀಯಬೇಕಾದವರು ಗೀಸರ್ ಆರಿಸಿಟ್ಟು
ಬಿಸಿನೀರಿನ ನಲ್ಲಿ ತೆರೆಯುತ್ತಾರೆ. ನಾನೂ ಮೊದಲು ನಂಬಿರಲಿಲ್ಲ.)
ಬಕೆಟ್ಟು ತುಂಬಿಸಿ ಬೆಂಡನ್ನು ಅದುಮಿ ಹಿಡಿದೆ.
ಒಂದು ಗುಳ್ಳೆ.
ತಡೆದು ಇನ್ನೊಂದು.
ಬೆಸುಗೆಯ ಅಂಚಿನಲ್ಲಿ, ಕೂದಲು ಹೋಗದಷ್ಟು ತೂತು.

ಬೂ ಹಮದ್ ಬಗ್ಗಿದ. ವಾಹಿದ್, ಎಂದ, ಇತ್ನೇನ್.
ಏಳರವರೆಗೆ ಎಣಿಸಿ ನಿಲ್ಲಿಸಿದ.
ಅವನಪ್ಪ ಮುಳುಗುವವನಲ್ಲವಂತೆ, ಹಗ್ಗ ಹಿಡಿಯುವವನು.
ದೋಣಿಯಲ್ಲಿ ನಿಂತು, ಕೆಳಗಿರುವವನ ಉಸಿರು ಎಷ್ಟಿದೆ ಎಂದು
ಬೆರಳಿನಲ್ಲೇ ತಿಳಿದು ಎಳೆಯುವವನು.
ಒಮ್ಮೆ ತಡವಾಯಿತು, ಎಂದ.
ಯಾರು ಕೆಳಗಿದ್ದದ್ದು ಎಂದು ನಾನು ಕೇಳಲಿಲ್ಲ.
ಆ ವರ್ಷವೇ ಈ ಬೈಕು.

ಒಳಗಿನ ಪೆಟ್ರೋಲು ಪೂರ್ತಿ ಹೋಗದೆ ಕಾವಿ ಹತ್ತಿರ ತರಬಾರದು.
ನನಗೆ ಕೆಲಸ ಕಲಿಸಿದವನ ಎಡಹುಬ್ಬು ಕೊನೆಗೂ ಬೆಳೆಯಲಿಲ್ಲ.
ನೀರು ಮೂರು ಸಲ ಬದಲಾಯಿಸಿದೆ,
ಅಸರ್ ಬಾಂಗು ಮುಗಿಯುವವರೆಗೆ ಕಾದೆ,
ಮೂಗಿಗೆ ಹಿಡಿದು ನೋಡಿದೆ.
ಆಮೇಲೆ ಸಾಸಿವೆಯಷ್ಟು ಬೆಸುಗೆ.
ಗುಲಗಂಜಿ ತೂಕ ಹೆಚ್ಚಾದರೂ ಬೆಂಡು ತಗ್ಗುತ್ತದೆ, ಪೆಟ್ರೋಲು ಏರುತ್ತದೆ.
ಅರದಲ್ಲಿ ಉಜ್ಜಿದೆ, ತೂಗಿದೆ, ಮತ್ತೆ ಉಜ್ಜಿದೆ.
ಪಕ್ಕದ ಲೇತಿನ ಗುಲ್ ನವಾಜ್ ಇಣುಕಿ ನೋಡಿ ನಕ್ಕ:
ಅಂಗಡಿಯನ್ನು ಚಿನ್ನದ ಸಾಲಿಗೆ ಹಾಕಿಕೋ.

ಜೋಡಿಸಿದೆ. ಹೊಸದಾಗಿ ಸುಣ್ಣ ಬಳಿದೆ. ನಲ್ಲಿ ತೆರೆದೆ.
ಹತ್ತು ನಿಮಿಷ. ಸುಣ್ಣ ಬೆಳ್ಳಗೇ ಇತ್ತು.
ಒದೆಯಿರಿ, ನೋಡೋಣ, ಎಂದೆ.
ಇರು, ಎಂದ.
ಸ್ಟೂಲು ಎಳೆದು ಬೈಕಿನ ಪಕ್ಕ ಕೂತ.
ಶಫಿಕುಲ್ ದೀಪ ಹಾಕಿದ, ನಾನು ಕೈ ತೊಳೆದು ಬಂದೆ.
ಬೂ ಹಮದ್ ಸುಣ್ಣವನ್ನು ನೋಡುತ್ತಿರಲಿಲ್ಲ.
ಅವನ ಎರಡು ಬೆರಳು ಪೆಟ್ರೋಲಿನ ಪೈಪಿನ ಮೇಲಿದ್ದವು,
ಹಿಡಿದೂ ಹಿಡಿಯದ ಹಾಗೆ.