ಐಸ್ ಫ್ಯಾಕ್ಟರಿಯ ಲೆಕ್ಕದ ಪುಸ್ತಕ, ೧೯೮೭

ಬೈತಖೋಲ ಬಂದರಿನಲ್ಲಿ
ದಾಮು ಅಣ್ವೇಕರ ಬರೆದಿಟ್ಟ ಜಮಾಖರ್ಚು:
ಇಷ್ಟು ಲಾದಿ, ಇಂಥ ದೋಣಿ, ಉದ್ರಿ ಇಷ್ಟು.
ಪ್ರತಿ ಪುಟದ ಬಲಮೂಲೆಗೆ, ಕಿರುಬೆರಳ ಉಗುರಿನಷ್ಟು,
ಒಂದು ಏಡಿ.

ಆ ವರ್ಷವೇ ಯೂನಿಯನ್ ಆಫೀಸಿಗೆ ಟೀವಿ ಬಂದದ್ದು.
ಭಾನುವಾರ ಹೆಂಚಿನ ಮೇಲೆ ನಿಂತು
ಗೋವಾದತ್ತ ಆಂಟೆನಾ ತಿರುಗಿಸುವವ ನಾನು.
ಒಳಗೆಲ್ಲ ನಗು. ಕಾರ್ಟೂನು ನಾನು ನೋಡಿದ್ದು
ಬರೇ ಕಿವಿಯಿಂದ.

"ಇಳಿಯೋ ಮಾರಾಯ" ಅಂದ ದಾಮು
ಹೆಬ್ಬೆಟ್ಟಿಗೆ ಎಂಜಲು ಹಚ್ಚಿ ಪುಸ್ತಕ ಬಿಟ್ಟ, ಬರ್ರ್...
ಏಡಿ ನಡೆಯಿತು! ಅಡ್ಡಡ್ಡ,
ಸಾಲಗಾರರ ಹೆಸರಿನಡಿ ನುಸುಳಿ
ಜನವರಿಯಿಂದ ಮೇ ತನಕ.

ಜೂನ್, ಜುಲೈ. ದೋಣಿ ಇಲ್ಲ, ಐಸ್ ಇಲ್ಲ, ಲೆಕ್ಕವಿಲ್ಲ.
ಖಾಲಿ ಹಾಳೆ ಸಿಕ್ಕಿದ್ದೇ ಏಡಿ ಬೆಳೆಯಿತು,
ಇಕ್ಕಳ ಎತ್ತಿತು, ಪುಟ ತುಂಬಿತು,
ಅಂಚು ದಾಟಿದ ಒಂದು ಕಾಲು
ಮೇಜಿನ ಮೇಲೆ ಇಂದಿಗೂ ಇದೆ, ನೀಲಿ ಶಾಯಿಯಲ್ಲಿ.

ಆಗಸ್ಟಿಗೆ ಅಂಕಿಗಳು ಮರಳಿದವು.
ಏಡಿ ಮೂಲೆಗೆ ಸರಿಯಿತು.

ಮುನ್ನೂರ ಅರವತ್ತೈದು ಪುಟ; ಅರೆ ನಿಮಿಷದ ವರ್ಷ.
ಆಡಿಟಿಗೆ ಬಂದ ಸಾಹೇಬ
ಮೊತ್ತ ಬಿಟ್ಟು ಮೂರು ಸಲ ಓಡಿಸಿದ,
ಹಿಂದಿನಿಂದಲೂ ಒಮ್ಮೆ:
ಉದ್ರಿಯೆಲ್ಲ ತೀರಿ, ಐಸೆಲ್ಲ ನೀರಾಗಿ
ಏಡಿ ಮೊದಲ ಹಾಳೆಯ ಬಿಲ ಹೊಕ್ಕಿತು.

ಸಹಿ ಹಾಕಿದ,
ಮೂಲೆಯೊಂದನ್ನು ಬಿಟ್ಟು.