ಟೆಂಪೋ ಹಾಲು

ಬಸರಾಳಿನ ಡೇರಿಯಲ್ಲಿ ಬೆಳಗಿನ ಆರಕ್ಕೆ
ಚೀಟಿಗೆಂದು ಯಾರೂ ಕಾಯುವುದಿಲ್ಲ.
ಕ್ಯಾನು ಬಗ್ಗಿಸಿ, ಪಕ್ಕಕ್ಕೆ ಸರಿದು, ಸೆರಗಿಗೆ ಕೈ ಒರೆಸಿ
ಮಾತಿಗೆ ತೊಡಗುತ್ತಾರೆ; ಹಿಂದಿನವಳ ಹಾಲು
ಆಗಲೇ ತಕ್ಕಡಿಯಲ್ಲಿ ನೊರೆ.
ಫ್ಯಾಟು ಅಳೆಯುವ ಯಂತ್ರ ತನ್ನ ಪಾಡಿಗೆ ಗೊರಗುಟ್ಟಿ
ತಡವಾಗಿ ಚೀಟಿ ಉಗುಳುತ್ತದೆ, ಒಂದೊಂದೇ,
ಸುರಿದ ಸಾಲಿನಲ್ಲೇ.
ಹೆಸರು ಬೀಳುವ ಜಾಗದಲ್ಲಿ ಪ್ರಿಂಟರಿನ ಪಿನ್ನು ಹೋಗಿ ವರ್ಷವಾಯಿತು:
ಲೀಟರು, ಫ್ಯಾಟು, ಮಿಕ್ಕಿದ್ದು ಬಿಳಿ.
ಮೂರನೆಯದು ಮೂರನೆಯವಳದು. ಅಷ್ಟೇ ಲೆಕ್ಕ.
ನಮ್ಮ ಮಾವ ತಿಬ್ಬಯ್ಯನವರು ತಲೆಯೆತ್ತದೆ ಹಂಚುತ್ತಾರೆ.

ಮನೆಯ ಎರಡು ಲೀಟರು ಸುರಿದು ನಾನು ಬಸ್ಸು ಹಿಡಿಯುತ್ತೇನೆ.
ಮಂಡ್ಯದಲ್ಲಿ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ
ನಾನು ಮಾಡುವುದೂ ಇದನ್ನೇ ಎಂದರೆ ಮಾವ ನಗುತ್ತಾರೆ.
ಡೇಟಾಬೇಸಿಗೆ ಒಂದು ಪ್ರಶ್ನೆ ಹಾಕಿ, ಉತ್ತರಕ್ಕೆ ಕಾಯದೆ
ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು;
ಪೈಪ್‌ಲೈನ್ ಅನ್ನುತ್ತೇವೆ. ಅಲ್ಲಿಯ ಉತ್ತರಗಳಿಗೂ ಹೆಸರಿಲ್ಲ,
ಸಾಲು ಮಾತ್ರ.

ಆಷಾಢದ ಒಂದು ದಿನ ಪಕ್ಕದೂರಿನ ಯಂತ್ರ ಕೆಟ್ಟು
ಸಿದ್ದಪ್ಪಾಜಿ ಟೆಂಪೋದಲ್ಲಿ ಮೂವತ್ತೊಂದು ಕ್ಯಾನು ತಂದ.
ಅವನನ್ನು ದೂರಲಾರೆ. ಸಾಲಲ್ಲೇ ನಿಂತಿದ್ದ,
ಸಾಕಮ್ಮನ ಹಿಂದೆ, ಪುಟ್ಟತಾಯಿಯ ಮುಂದೆ.
"ನಾನೂ ಎಲ್ಲಾರಂಗೇ ಬಂದಿವ್ನಿ ಕಣಕ್ಕ."
ಸುರಿಯಲು ಶುರುವಿಟ್ಟ ಮೇಲೆ ಮಾತ್ರ
ಅವನು 'ಮುಗೀತು' ಅನ್ನುವ ತನಕ ಅಲ್ಲಿ ಬೇರೆ ಮಾತಿಲ್ಲ.
ಹಾಲು, ಹಾಲು, ಬರೀ ಹಾಲು.
ಅವನಿಗೆ ಒಂದು ಚೀಟಿಯೋ ಮೂವತ್ತೊಂದೋ
ಯಂತ್ರಕ್ಕೂ ತಿಳಿಯದು, ಮಾವನಿಗೂ.
ಪಕ್ಕದ ತಕ್ಕಡಿಗೆ ಪುಟ್ಟತಾಯಿ ಎಂದಿನಂತೆ ಸುರಿದು ಸರಿದಿದ್ದಳು.
ಅವಳ ಎಮ್ಮೆ ಹಾಲಿಗೆ ಮೂರು ಪಾಯಿಂಟ್ ಒಂದು ಬಿತ್ತು.
"ನೀರು ಉಯ್ದ್ಯಾ?" ಅಂದರು ಯಾರೋ, ತಮಾಷೆಗೆ.
ನಾಲ್ಕು ದಿನ ಅವಳು ಡೇರಿಯ ಕಡೆ ತಲೆ ಹಾಕಲಿಲ್ಲ.

ಅದೇ ವಾರ ನನ್ನ ಮೇಜಿಗೂ ಟೆಂಪೋ ಬಂತು:
ಪೈಪ್‌ಲೈನಿನ ನಟ್ಟನಡುವೆ ಯಾರೋ ಕಾಪಿ ಆಜ್ಞೆ ಕೊಟ್ಟು
ನಲವತ್ತು ಸಾವಿರ ದಾಖಲೆ ಒಮ್ಮೆಗೇ ಸುರಿದಿದ್ದರು.
ಹಿಂದಿದ್ದ ಪ್ರಶ್ನೆಗಳು ಯಾರದೋ ಉತ್ತರಕ್ಕೆ ಕೈಯೊಡ್ಡಿದ್ದವು.
ಶಮೀಮ್ ಬಾನು, ನನಗಿಂತ ಜಾಣೆ, ಹೇಳಿದಳು:
ಎಣಿಸಿ ಹೊಂದಿಸಬಹುದು, ಎರಡು ವಾರ ಕೊಡು.
ಹೊಂದಿಸಬಹುದೇನೋ. ನೂರಕ್ಕೆ ತೊಂಬತ್ತೊಂಬತ್ತು ಸಲ.
ಆ ನೂರನೆಯವಳ ಗುರುತು ನನಗಿತ್ತು,
ಎಡಗಿವಿ ಹರಿದ ಅವಳ ಎಮ್ಮೆಯ ಸಮೇತ.

ಎಂಟು ಸಾಲು ಬರೆದೆ. ಪೈಪ್‌ಲೈನಿನಲ್ಲಿ ಸಗಟು ಸುರಿಯುವಂತಿಲ್ಲ.
ಕಣ್ತಪ್ಪಿ ನುಗ್ಗಿತೋ, ಸಂಪರ್ಕವನ್ನೇ ಕಡಿ;
ಊಹೆಯ ಮೇಲೆ ಉತ್ತರ ಹಂಚಬೇಡ.
ಅಂದೇ ರಾತ್ರಿ ಹನ್ನೊಂದಕ್ಕೆ ಫೋನು:
"ಮೇಡಂ, ಕಟ್ ಆಯ್ತು."
"ಹ್ಞೂಂ. ಮಾಡಿದ್ದು ನಾನೇ."
"ನಲವತ್ತು ಸಾವಿರ, ಮೇಡಂ!"
"ಸಾಲು ಮುಗಿಸಿ. ಆಮೇಲೆ ಅದೊಂದನ್ನೇ ತನ್ನಿ."
ಅವನು ಅಂದದ್ದನ್ನು ಇಲ್ಲಿ ಬರೆಯಲಾರೆ.

ಅಷ್ಟರಲ್ಲಿ ಮಾವನೂ ಒಂದು ತಗಡಿಗೆ ಕೆಂಪು ಬಣ್ಣದಲ್ಲಿ ಬರೆಸಿದ್ದರು:
'ಟೆಂಪೋ ಆಲು ಎಂಟರ ಮೇಲೆ, ಇಂದಿನ ಬಾಗಿಲಲ್ಲಿ.'
ಹಿಂದಿನದು ಇಂದಿನದಾಗಿದೆಯಲ್ಲ ಮಾವ, ಎಂದೆ.
"ಸಿದ್ದಪ್ಪಾಜಿಗೆ ತಿಳೀತದೆ, ಬುಡು."
ತಿಳಿಯಿತು ಕೂಡ.

ಐದನೆಯ ದಿನ ಪುಟ್ಟತಾಯಿ ಬಂದಳು.
ಕ್ಯಾನು ಬಗ್ಗಿಸಿದಳು. ಸರಿಯಲಿಲ್ಲ.
ತಕ್ಕಡಿಯ ಅಂಚಿಗೆ ಒಂದು ಕೈಯಿಟ್ಟು
ಯಂತ್ರದ ಬಾಯನ್ನೇ ನೋಡುತ್ತ
ತನ್ನ ಚೀಟಿ ಕೈಗೆ ಬೀಳುವ ತನಕ ನಿಂತಳು.
ಇವತ್ತಿಗೂ ಹಾಗೇ ನಿಲ್ಲುತ್ತಾಳೆ.
ಸಾಲು ತಡವಾಗುತ್ತದೆ, ಆರೂ ಮುಕ್ಕಾಲಿನ ಬಸ್ಸು ತಪ್ಪುತ್ತದೆ.
ಯಾರೂ ಏನೂ ಅನ್ನುವುದಿಲ್ಲ.