ಮೂರನೆಯ ಮೆಟ್ಟಿಲು

ಕುತಾಯಿಸಿಯ ಅಡುಗೆಮನೆಯಲ್ಲಿ, ಅಕ್ರೋಟು ಸಿಪ್ಪೆ ಅತ್ತ ಸರಿಸಿ
ನಾಜಿಬ್ರೋಲಾ ಒಂದು ಊರು ಕಟ್ಟುತ್ತಾಳೆ.
ಹೊಳೆಗಿನ್ನೂ ಹೆಸರಿಲ್ಲ. ಸೇತುವೆ ಇದೆ,
ಗಿರಣಿ ಇದೆ, ಗಿರಣಿಗಿಳಿವ ಮೆಟ್ಟಿಲುಗಳಲ್ಲಿ
ಮೂರನೆಯದು ಮುಕ್ಕು.

ಮೊದಲ ಪುಸ್ತಕದಲ್ಲಿ ಅಲ್ಲಿ ಎಡವಿದವನು ಓತಿಯಾ,
ಹಿಟ್ಟಿನ ಚೀಲ ಹೊತ್ತ ಹುಡುಗ.
ಎರಡನೆಯದರಲ್ಲಿ ಝಾರನ ನಾಣ್ಯ ಸವಕಲಾಯಿತು,
ಬಾವುಟ ಎರಡು ಸಲ ಬಣ್ಣ ಬದಲಿಸಿತು,
ಗಿರಣಿ ಗೋದಾಮಾಯಿತು, ಆಮೇಲೆ ಸಿನಿಮಾ ಮಂದಿರ.
‘ಆ ಮೆಟ್ಟಿಲೊಂದು ರಿಪೇರಿ ಮಾಡಿಸಬಾರದೇ?’
ಸಂಪಾದಕ ನಕ್ಕ.
‘ಮಾಡಿಸಿದರೆ ಊರೇ ಬೀಳುತ್ತದೆ.’

ನಿನ್ನೆ ರಾತ್ರಿ, ಮೂರನೆಯ ಪುಸ್ತಕ:
ಓತಿಯಾನ ಮರಿಮಗಳು, ಕಿವಿಗೆ ಫೋನು,
ಅಲ್ಲಿಗೆ ಬಂದಾಗ ಕಾಲು ತಾನಾಗಿ ದಾಟಿಸಿದಳು.
ಯಾಕೋ, ಅವಳಿಗೇ ತಿಳಿಯದು.

ಬ್ರೆಡ್ಡು ಮುಗಿದಿದೆ. ನಾಜಿಬ್ರೋಲಾ
ತನ್ನ ಕಟ್ಟಡದ ಗಟ್ಟಿ ಸಿಮೆಂಟು ಮೆಟ್ಟಿಲಿಳಿಯುತ್ತಾಳೆ:
ಒಂದು, ಎರಡು,
ನಾಲ್ಕು.